ತಾಸಿಗೆ ನಾಕು ಮೈಲು

ನಮ್ಮ ಮನಿಯವರ ಚೇತಕ್ ಸ್ಕೂಟರಿನ ಕೀಲಿ ನಾ ಜೀರಗಿ ಡಬ್ಬ್ಯಾಗ ಮುಚ್ಚಿಟ್ಟು, ಆ ಅಕ್ಟೋಬರಿಗೆ ಒಂದೂವರಿ ವರ್ಷ ಆಗಿತ್ತು. ಇದಕ್ಕೂ ಇಂಗ್ಲಂಡಿನ ಕೆನಾಲಿಗೂ ಏನ್ ಸಂಬಂಧ ಅಂತೀರಿ, ತಡೀರಿ, ಹೇಳ್ತೇನಿ.

ಮಾರ್ಚ್ ತಿಂಗಳಾಗ ಇವರಿಗೆ ಸಣ್ಣ ಸ್ಟ್ರೋಕ್ ಆಗಿತ್ತು. ಬಾಯಿ ಒಂದು ಕಡೆ ಸೊಟ್ಟ ಆಗಿ ಎಂಟು ದಿನ ಮಾತಽ ಹೊಂಡಲಿಲ್ಲ. ಬಲಗೈ ಸೋತಿತ್ತು. ದೇವರ ದಯಾ, ಮಾತು ತಿರುಗಿ ಬಂತು, ಕೈನೂ ಮುಕ್ಕಾಲು ಪಾಲು ಬಂತು. ಅಂಗಿ ಗುಂಡಿ ಹಾಕ್ಕೋಳಿಕ್ಕೆ ಮಾತ್ರ ಈಗೂ ಹೊತ್ತು ಬೇಕು. ದವಾಖಾನಿಯಿಂದ ಬಿಡೋ ದಿವಸ ಡಾಕ್ಟರು ನನ್ನ ಬಾಗಲದ ಹತ್ರ ಕರದು, "ಮೂರು ತಿಂಗಳು ಗಾಡಿ ಬ್ಯಾಡ್ರಿ. ಆಮ್ಯಾಲೆ ಕರಕೊಂಡು ಬರ್ರಿ, ಕೈ ನೋಡಿ ಹೇಳ್ತೇನಿ" ಅಂದ್ರು. ನಾ ಮನಿಗೆ ಬಂದು ಇವರಿಗೆ ಹೇಳಿದ್ದು, "ಡಾಕ್ಟರು ಇನ್ನ ಮ್ಯಾಲೆ ಗಾಡಿ ಮುಟ್ಟಲೇಬಾರ್ದು ಅಂದಾರ" ಅಂತ. ಮೂರು ತಿಂಗಳ ಮಾತು ನಾ ನುಂಗಿಬಿಟ್ಟೆ.

ಅಲ್ಲಿಂದ ಒಂದೊಂದಽ ಇವರ ಕೈ ತಪ್ಪಿದ್ವು. ಬ್ಯಾಂಕಿನ ಕೆಲಸ ಮಗ ಕವೆಂಟ್ರಿಯಿಂದಽ ಫೋನಿನ್ಯಾಗ ಮಾಡಲಿಕ್ಕೆ ಹತ್ತಿದ. ಲೈಟ್ ಬಿಲ್ಲೂ ಅವನಽ. ಸಂತಿ ನಾ. ಗ್ಯಾಸ್ ಸಿಲಿಂಡರ್ ಬಾಜೂ ಮನಿ ಹುಡುಗ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದ್ರ ಮೂವತ್ನಾಕು ವರ್ಷ ನೀರಾವರಿ ಇಲಾಖೆಯೊಳಗ ಮಲಪ್ರಭಾ ಕಾಲುವಿ ಮ್ಯಾಲೆ ಜೀಪಿನ್ಯಾಗ ಅಡ್ಡಾಡಿ, ನಡು ರಾತ್ರಿ ಟೇಲ್ ಎಂಡಿನ ರೈತರ ಬೈಗಳಾ ತಿಂದು ಗೇಟ್ ಎತ್ತಿಸಿದ ಮನುಷ್ಯಾಗ ಕಡೀಕೆ ಉಳದಿದ್ದು ಒಂದು ಆರಾಮ ಖುರ್ಚಿ, ಒಂದು ಟಿವಿ. ಮಾತು ತಿರುಗಿ ಬಂದಿತ್ತು ಅಂದ್ನೆಲ್ಲಾ, ಆಡೋದು ಮಾತ್ರ ಕಡಿಮಿ ಆಗಿತ್ತು. "ಹೂಂ", "ಸಾಕು", "ನೀ ಹೆಂಗಂತಿ ಹಂಗ". ಇಷ್ಟಽ.

ನಾವು ಕವೆಂಟ್ರಿಗೆ ಹೋದಾಗ ಮಗ ಈ ಬೋಟಿನ ಹುಕಿ ತಗದ. ಅಕ್ಟೋಬರ್ ಕಡೀ ವಾರ ಮೊಮ್ಮಗಳಿಗೆ ಸಾಲಿ ಸೂಟಿ. "ಆಕ್ಸ್‌ಫರ್ಡ್ ಕೆನಾಲಿನ್ಯಾಗ ಒಂದ್ ವಾರ ಬೋಟ್ ಬಾಡಿಗಿ ತಗೊಳ್ಳೋಣು, ಅಲ್ಲೇ ಊಟ, ಅಲ್ಲೇ ನಿದ್ದಿ. ಅಪ್ಪಗ ಕೆನಾಲ್ ಅಂದ್ರ ಜೀವ ಹೌದಿಲ್ಲೋ" ಅಂದ. ಇವರು "ಹೂಂ" ಅಂದ್ರು. ನಾ ಮಾತ್ರ ಕೇರಳದ ಹೌಸ್ ಬೋಟ್ ನೆನಿಸ್ಕೊಂಡು ಖುಷಿಪಟ್ಟೆ.

ನ್ಯಾಪ್ಟನ್ ಅನ್ನೋ ಹಳ್ಳಿ ಹತ್ರ ಹೋಗಿ ನೋಡಿದ್ರ, ಅರವತ್ತು ಫೂಟ್ ಉದ್ದ, ಏಳು ಫೂಟೂ ಪೂರ್ತಿ ಇಲ್ಲದ ಅಗಲ! ರೈಲ್ವೆ ಡಬ್ಬಿ ಹಿಂಡಿ ಒಣಗಿಸಿಟ್ಟಂಗ. ಒಳಗ ಒಬ್ಬರು ಮುಂದಿನಿಂದ ಬಂದ್ರ ಇನ್ನೊಬ್ಬರು ಬಾಜೂಕ್ಕ ಸರೀಬೇಕು, ಇಲ್ಲಾ ಸಂಡಾಸ ಹೊಕ್ಕು ಹಾದಿ ಬಿಡಬೇಕು. ಇಷ್ಟು ಸಣ್ಣ ಯಾಕ ಅಂದ್ರ, ಆ ಕೆನಾಲಿನ ಲಾಕ್‌ಗಳು ಏಳು ಫೂಟ್ ಅಗಲಕ್ಕ ಕಟ್ಟ್ಯಾರ. ಮೊದಲು ಕಲ್ಲಿದ್ದಲ ಒಯ್ಯೋ ಬೋಟ್‌ಗಳಿದ್ವು. ಪೂರಾ ಸಾಮಾನು ತುಂಬಿ, ಹಿಂದಽ ಒಂದು ಹತ್ತು ಫೂಟಿನ ಖೋಲ್ಯಾಗ ಗಂಡ, ಹೆಂಡ್ತಿ, ಮಕ್ಕಳು ಎಲ್ಲಾ ಸಂಸಾರ. ಅದರೊಳಗಽ ಒಲಿ, ಅದರೊಳಗಽ ಹಾಸಗಿ. ಅಂಥಾದ್ರಾಗೂ ಆ ಹೆಣಮಕ್ಕಳು ಹಿತ್ತಾಳಿ ತಿಕ್ಕಿ ಫಳಾ ಫಳಾ ಇಡ್ತಿದ್ರಂತ, ನೀರಿನ ಕ್ಯಾನಿನ ಮ್ಯಾಲೆ ಗುಲಾಬಿ ಹೂವು, ಕ್ವಾಟಿ ಚಿತ್ರ ಬರಸ್ತಿದ್ರಂತ. 1963ರ ಚಳಿಗಾಲಕ್ಕ ಕೆನಾಲೆಲ್ಲಾ ತಿಂಗಳಗಟ್ಟಲೆ ಹೆಪ್ಪುಗಟ್ಟಿ ನಿಂತು ಆ ವ್ಯಾಪಾರ ಬಹುತೇಕ ಮುಗೀತು. ನಾ ನಮ್ಮ ಅಡಗಿಮನಿ ಸಣ್ಣದು ಅಂತ ಇವರ ಕೂಡ ಎಷ್ಟು ವರ್ಷ ಜಗಳಾ ತಗದೇನಿ ಅನ್ನೋದು ನೆನಪಾತು, ಸುಮ್ನಾದೆ.

ಬೋಟ್ ಕೊಡೋ ಹುಡುಗ ಒಂದು ತಾಸು ಎಲ್ಲಾ ತಿಳಿಸಿ ಹೇಳಿದ. ಲೈಸನ್ಸ್ ಬೇಕಾಗಿಲ್ಲಂತ! ತಾಸಿಗೆ ನಾಕು ಮೈಲು, ಅದಕ್ಕಿಂತ ಜೋರು ಹೋಗೂ ಹಂಗಿಲ್ಲ. ಕಟ್ಟಿ ನಿಲ್ಲಿಸಿದ ಬೋಟ್ ಬಂದ್ರ ಇನ್ನೂ ಸಾವಕಾಶ. ಹಿಂದ ನಿಂತು ಒಂದು ಕಬ್ಬಿಣದ ಹಿಡಿಕಿ ತಿರಗಸೋದು, ಅದಕ್ಕ ಟಿಲ್ಲರ್ ಅಂತಾರ. ನಮ್ಮ ಕಡೆ ಟಿಲ್ಲರ್ ಅಂದ್ರ ಹೊಲಾ ಊಳೋದು. ಇಲ್ಲಿ ಅದನ್ನ ಎಡಕ್ಕ ದೂಡಿದ್ರ ಬೋಟ್ ಬಲಕ್ಕ ಹೋಗ್ತದ, ಅದೂ ಒಮ್ಮೆಲೇ ಅಲ್ಲ, ಒಂದೆರಡು ಉಸಿರು ತಗೊಂಡು. ನಮ್ಮ ಮನಿಯವರು ಕೈ ಹಿಂದ ಕಟ್ಟಿಕೊಂಡು ಹುಡುಗ ಹೇಳಿದ್ದೆಲ್ಲಾ ಕೇಳ್ತಿದ್ರು. ಯಾರೂ ಅವರನ್ನ ಮಾತಾಡಿಸಲಿಲ್ಲ. ನಾನೂ "ನೀವು ಒಳಗ ಬೆಚ್ಚಗ ಕೂಡ್ರಿ" ಅಂದೆ.

ಅವತ್ತು ರಾತ್ರಿ ಅಲ್ಲಿಯ ಗಡಿಯಾರ ಒಂದು ತಾಸು ಹಿಂದ ಸರಿಸೋ ದಿವಸ. ಐತವಾರದಿಂದ ಸಂಜೀ ಪೌಣೇ ಐದಕ್ಕಽ ಸೂರ್ಯ ಮುಳಗತಿದ್ದ. ಕತ್ತಲಾದ ಮ್ಯಾಲೆ ಬಾಡಿಗಿ ಬೋಟ್ ನಡಸೂ ಹಂಗಿಲ್ಲ. ದಂಡಿಗೆ ಗೂಟಾ ಬಡದು ಹಗ್ಗಾ ಕಟ್ಟಿ, ಕಲ್ಲಿದ್ದಲ ಒಲಿ ಮುಂದ ಕೂಡೋದು. ಧಾರವಾಡದಾಗ ಕರೆಂಟ್ ಹೋದಾಗ ಕೂಡತಿದ್ವೆಲ್ಲಾ, ಹಂಗಽ.

ಲಾಕ್ ಅಂದ್ರ ನಾ ಏನೋ ಕೀಲಿ ಹಾಕೋದು ಅನಕೊಂಡಿದ್ದೆ. ಅದು ನೀರಿನ ಮೆಟ್ಟಲ. ಗುಡ್ಡಾ ಏರಬೇಕಾದ್ರ ಬೋಟ್ ಒಂದು ಕಲ್ಲಿನ ಹೌದಿನ್ಯಾಗ ಹೋಗ್ತದ, ಹಿಂದಿನ ಬಾಗಲಾ ಮುಚ್ಚೋದು, ಮ್ಯಾಲಿನ ತೂಬು ತಗದು ನೀರು ಬಿಡೋದು, ಬೋಟ್ ಏರತದ, ಮುಂದಿನ ಬಾಗಲಾ ತಗದು ಹೊಂಡೋದು. ಬಾಗಲಕ್ಕ ಒಂದು ಉದ್ದನ್ನ ತೊಲಿ ಇರ್ತದ, ಅದಕ್ಕ ಬೆನ್ನು ಕೊಟ್ಟು ದೂಡಬೇಕು. ನಾನೂ ಮೊಮ್ಮಗಳೂ ಕೂಡಿ ದೂಡಿದ್ವಿ, ದೂಡಿದ್ವಿ, ಬೇಕಾದಷ್ಟು ದೂಡಿದ್ವಿ, ಅಳ್ಳಾಡಲಿಲ್ಲ. ಆ ಕಡೆ ಈ ಕಡೆ ನೀರು ಸಮ ಆಗೋತನಕಾ ಅದು ಸರಿಯಂಗಽ ಇಲ್ಲ. ಸಮ ಆದ ಕೂಡಲೇ ಆಕಿ ಒಬ್ಬಾಕಿನಽ ಸರಿಸಿದಳು. ನ್ಯಾಪ್ಟನ್‌ದಾಗ ಇಂಥಾವು ಒಂಬತ್ತು. ನಡುವ ಎಡಕ್ಕ ಹೊಲದಾಗ ನೋಡ್ತೇನಿ, ಎಮ್ಮಿ! ಕರೇ ಎಮ್ಮಿ, ಬಾಗಿದ ಕ್ವಾಡ, ಕೆಸರಾಗ ನಿಂತು ಮೆಲಕಾಡಲಿಕ್ಕೆ ಹತ್ತಿದ್ವು. ಇಂಗ್ಲಂಡಿನ್ಯಾಗ ಎಮ್ಮಿ ಸಾಕ್ತಾರ ಅಂತ ನಂಗ ಗೊತ್ತಿರಲಿಲ್ಲ. ಒಳಗಿಂದ ಇವರನ್ನ ಕರದು ತೋರಿಸಿದೆ. "ಪೇಢೆ ಮಾಡ್ತಾರೇನು ಕೇಳು" ಅಂದ್ರು. ಭಾಳ ದಿವಸದ ಮ್ಯಾಲೆ ಒಂದು ಚಾಷ್ಟಿ ಬಂತು ನೋಡ್ರಿ ಬಾಯಾಗಿಂದ.

ಒಂಬತ್ತನೇ ಲಾಕ್ ಏರಿದ ಮ್ಯಾಲೆ ಇವರು ತಾವಾಗೇ ಒಂದು ಪ್ರಶ್ನೆ ಕೇಳಿದ್ರು. "ಪ್ರತಿ ಸಲ ಲಾಕ್ ತಗದಾಗ ಒಂದು ಲಕ್ಷ ಲೀಟರಿಗಿಂತ ಹೆಚ್ಚು ನೀರು ಕೆಳಗ ಹೋಗ್ತದ. ಗುಡ್ಡದ ನೆತ್ತಿ ಮ್ಯಾಲೆ ಹೊಳಿ ಇಲ್ಲ, ಹಳ್ಳ ಇಲ್ಲ. ಹಂಗಾದ್ರ ಈ ನೀರು ಬರೋದು ಎಲ್ಲಿಂದ?" ನಾವು ಮೂರು ಮಂದಿ ದೊಡ್ಡವರು ಇಡೀ ದಿನ ನೀರು ಬಿಟ್ಟು ಬಿಟ್ಟು ಏರಿ ಬಂದಿದ್ವಿ, ಒಬ್ಬರಿಗೂ ಇದು ಹೊಳದಿರಲಿಲ್ಲ. ಮಗ ಫೋನಿನ್ಯಾಗ ಹುಡುಕಿ, ಬಾಡಿಂಗ್ಟನ್, ವರ್ಮ್‌ಲೇಟನ್, ಕ್ಲಾಟರ್‌ಕೋಟ್ ಅಂತ ಮೂರು ಕೆರಿ ಕಟ್ಟ್ಯಾರ, ಮತ್ತ ಕೆಳಗಿನ ನೀರು ಪಂಪ್ ಹಚ್ಚಿ ಮ್ಯಾಲೆ ತರ್ತಾರ ಅಂದ. ಇವರು ತಲಿ ಅಲ್ಲಾಡಿಸಿದ್ರು. "ನಮ್ಮ ಕಾಲುವ್ಯಾಗ ನೀರು ಹೊಲಕ್ಕ ಮುಟ್ಟಲಿಲ್ಲಾ ಅಂತ ಬೈಸ್ಕೊಂಡೆ. ಇವರಿಗೆ ನೀರು ಎಲ್ಲೂ ಹೋಗಬಾರ್ದು ಅನ್ನೋದಽ ಚಿಂತಿ" ಅಂದ್ರು.

ಮರುದಿನ ಸೋಮವಾರ. ನೆತ್ತಿ ಮ್ಯಾಲೆ ಹನ್ನೊಂದು ಮೈಲು ಒಂದೂ ಲಾಕ್ ಇಲ್ಲ. ಬೆಳಿಗ್ಗೆ ಮಂಜು ನೀರಿನ ಮ್ಯಾಲೆ ಹಾಲಿನ ಕೆನಿ ಹಂಗ ಕೂತಿತ್ತು. ಹತ್ತು ಹೊಡದ ಮ್ಯಾಲೆ ಅದು ಎದ್ದು ಹೋತು, ಎರಡೂ ದಂಡಿಗೆ ಮುಳ್ಳಕಂಟಿ ತುಂಬ ಕೆಂಪು ಹಣ್ಣು, ಹಳದಿ ಆದ ವಿಲ್ಲೋ ಗಿಡ, ಕುರಿ. ಎಲಿ ಉದುರೋ ಸಪ್ಪಳಾನೂ ಕೇಳಸ್ತಿತ್ತು ಅಂದ್ರ ನಂಬ್ರಿ. ಸೊಸಿ, ಮೊಮ್ಮಗಳು ದಂಡಿ ಹಾದಿ ಹಿಡದು ನಡಕೋತ ಹೊಂಟ್ರು, ಬೋಟಿಗಿಂತ ಅವರಽ ಮುಂದ. ನಾ ಒಳಗ ಸಾರಿಗೆ ಇಟ್ಟಿದ್ದೆ. ಮಗ ಟಿಲ್ಲರ್ ಹಿಡದಿದ್ದ. ಅಷ್ಟರಾಗ ಆಫೀಸಿಂದ ಫೋನ್ ಬಂತು. ಸೂಟಿ ಇದ್ರೂ ಬಿಡಂಗಿಲ್ಲ ಅವರು. "ಅಪ್ಪಾ, ಎರಡ ನಿಮಿಷ ಹಿಡೀ" ಅಂತ ಇವರ ಕೈಗೆ ಕೊಟ್ಟು ಮುಂದಿನ ತುದಿಗೆ ಹೋದ, ಅಲ್ಲಿ ಸಿಗ್ನಲ್ ಸಿಗ್ತದಂತ.

ನಂಗ ಇದು ಗೊತ್ತಿಲ್ಲ. ಚಹಾ ತಗೊಂಡು ಹಿಂದ ಬಂದು ನೋಡಿದ್ರ ಇವರೊಬ್ಬರಽ. ಎಡಗೈ ಟಿಲ್ಲರ್ ಮ್ಯಾಲೆ, ಮಫ್ಲರ್ ಕಿವಿಗೆ ಸುತ್ತ್ಯಾರ. ಮುಂದ ಇಟ್ಟಂಗಿ ಕಮಾನಿನ ಪೂಲು, ಬೋಟ್ ಹೋಗೋ ಅಷ್ಟಽ ಸಂದಿ. ನನ್ನ ಎದಿ ಧಸಕ್ಕ ಅಂತು. "ರೀ!" ಅನ್ನೋದ್ರಾಗ ಧಡ್ ಅಂತ ಬಾಜೂ ಗ್ವಾಡಿಗೆ ಬಡೀತು. ಒಳಗ ಸಾರಿನ ಪಾತೇಲಿ ಒಲಿ ಬಿಟ್ಟು ಇಳದು ಬಿತ್ತು, ಅದರ ಹಿಂದ ನಾಕು ಪ್ಲೇಟು. ಮಗ ಫೋನ್ ಹಿಡಕೊಂಡೇ ಒಳಗಿಂದ ಓಡಿ ಬಂದ. "ಬಿಡು ಅಪ್ಪಾ, ಬಿಡು, ನಾ ನೋಡ್ತೇನಿ" ಅಂದ.

ಇವರು ಬಿಡಲಿಲ್ಲ. "ಕೆಳಗ ಹೋಗು" ಅಂದ್ರು. ಜೋರಾಗೂ ಅನ್ನಲಿಲ್ಲ. ಆದ್ರ ಜೀಪಿನ ದಿವಸದ ಆ ದನಿ ನಾ ಕೇಳಿ ಎಷ್ಟೋ ದಿವಸ ಆಗಿತ್ತು. ಮಗ ನನ್ನ ಮಾರಿ ನೋಡಿದ. ನಾ ಏನ್ ಅನ್ನಬೇಕಿತ್ತು? ಅನ್ನೋದು ಬಾಯಿ ತನಕಾ ಬಂದಿತ್ತು, ಆದ್ರ ಯಾಕೋ "ಸಾರು ಚೆಲ್ಲೇದ, ಒರಸಲಿಕ್ಕೆ ಬಾ" ಅಂತ ಅವನ್ನ ಕರಕೊಂಡು ಹೋದೆ.

ಅವತ್ತು ಬರೇ ಅನ್ನ, ಶೇಂಗಾ ಚಟ್ನಿ, ಮೊಸರು. ಯಾರೂ ಏನೂ ಅನ್ನಲಿಲ್ಲ.

ಆ ಹನ್ನೊಂದು ಮೈಲು ಸೀದಾ ಅಳದ್ರ ಅರ್ಧಾನೂ ಇಲ್ಲಂತ. ಹಾವು ಹರದಂಗ ಹರದದ. ವರ್ಮ್‌ಲೇಟನ್ ಹತ್ರ ಅಂತೂ ಒಂದು ಹಳೇ ಊರಿನ ದಿಬ್ಬ ಬಲಕ್ಕಿದ್ದದ್ದು ಸ್ವಲ್ಪ ಹೊತ್ತಿಗೆ ಹಿಂದಿತ್ತು, ಆಮ್ಯಾಲೆ ಮತ್ತೊಂದು ಬಾಜೂಕ್ಕ. "ಯಾರಿಗಾದ್ರೂ ಕುಡಿಸಿ ಅಗಸ್ಯಾರೇನು?" ಅಂತ ಸೊಸಿ ಕೇಳಿದ್ಲು. ಅದಕ್ಕ ಇವರು ಅರ್ಧಾ ತಾಸು ಪಾಠಾ ಮಾಡಿದ್ರು, ಟಿಲ್ಲರ್ ಬಿಡದಽ. ಕಾಂಟೂರ್ ಅಂತ. ಎತ್ತರ ಒಂದಽ ಇರೋ ಗೆರಿ ಹಿಡದು ಗುಡ್ಡದ ಸುತ್ತ ಹೋದ್ರ ಏರಿಲ್ಲ, ಇಳಿಲ್ಲ, ಲಾಕ್ ಬ್ಯಾಡ, ಭಾಳ ಅಗ್ಯೋದೂ ಬ್ಯಾಡ. ಹೊತ್ತು ಹೋಗ್ತದ, ರೊಕ್ಕ ಉಳೀತದ. ಮಲಪ್ರಭಾದಾಗ ಇದಽ ಕೆಲಸಾ ಇವರು ಡಂಪಿ ಲೆವೆಲ್ ಇಟ್ಟು ಬಿಸಲಾಗ ನಿಂತು ಮಾಡ್ಯಾರ. ಈ ಕೆನಾಲಿಗೆ 1769ರೊಳಗ ಅಲ್ಲಿಯ ಪಾರ್ಲಿಮೆಂಟ್ ಮಂಜೂರಾತಿ ಕೊಟ್ಟಿತ್ತು, ಮೊದಲನೇ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಅವರಿಗೆ ಓದು ಬರಹ ಅಷ್ಟಕ್ಕಷ್ಟಽ, ಏನಾದ್ರೂ ತೊಡಕು ಬಂತಂದ್ರ ಹೋಗಿ ಹಾಸಗ್ಯಾಗ ಮಲಗಿ ವಿಚಾರ ಮಾಡ್ತಿದ್ರಂತ. 1772ಕ್ಕಽ ತೀರಿಕೊಂಡ್ರು, ಕೆನಾಲ್ ಆಕ್ಸ್‌ಫರ್ಡ್ ಮುಟ್ಟಿದ್ದು 1790ಕ್ಕ. (ಹಾಸಗ್ಯಾಗ ಮಲಗಿ ವಿಚಾರ ಮಾಡೋ ಪದ್ಧತಿ ನಮ್ಮ ಇಲಾಖೆಯೊಳಗೂ ಇತ್ತು, ನಾ ಸಾಕ್ಷಿ.)

ಮಧ್ಯಾಹ್ನ ಇಂಜಿನ್ ಒಮ್ಮೆಲೇ ದಮ್ಮು ಹತ್ತಿದಂಗ ಸಪ್ಪಳಾ ಮಾಡಲಿಕ್ಕೆ ಹತ್ತಿತು. ಮಗ ಪುಸ್ತಕ ತಗದ. ಇವರು ನ್ಯೂಟ್ರಲ್ ಮಾಡಿ, ಸ್ವಲ್ಪ ರಿವರ್ಸ್ ಕೊಟ್ರು. ಹಿಂದಿಂದ ಕರೇ ಎಲಿ ಗುಂಪು ಗುಂಪಾಗಿ ಎದ್ದು ಬಂತು, ಇಂಜಿನ್ ಹಗೂರಾತು. ಈ ದಿವಸದಾಗ ಉದುರಿದ ಎಲಿ ಫ್ಯಾನಿಗೆ ಸುತ್ತತಾವಂತ. "ಆ ಹುಡುಗ ಶನಿವಾರ ಹೇಳಿದ್ನಲ್ಲಾ" ಅಂದ್ರು. ಶನಿವಾರ ಇದನ್ನ ಕೇಳಿಸ್ಕೊಂಡಾವರು ಇವರೊಬ್ಬರಽ.

ಫೆನ್ನಿ ಕಾಂಪ್ಟನ್ ಮುಟ್ಟೋದ್ರಾಗ ಬಲಗೈಯಿಂದನೂ ಹಿಡೀಲಿಕ್ಕೆ ಹತ್ತಿದ್ರು. ಸಂಜೀಕೆ ಆ ಕೈ ನಡಗತಿತ್ತು, ನಾ ನೋಡಿದೆ. ಬಿಸಿನೀರಿನ ಚೀಲ ಕೊಟ್ಟೆ. ಏನೂ ಅನ್ನಲಿಲ್ಲ ಅವರು, ನಾನೂ ಅನ್ನಲಿಲ್ಲ.

ಮಂಗಳವಾರ ಕ್ಲೇಡನ್‌ದ ಐದು ಲಾಕ್ ಇಳದು ಕ್ರೋಪ್ರಡಿ ಅನ್ನೋ ಊರಿಗೆ ಬಂದ್ವಿ. ಇಳಿಯೋದು ಏರಿದ್ದಕ್ಕಿಂತ ಅಂಜಿಕಿ. ಲಾಕಿನ ಹಿಂದಿನ ಬಾಗಲಾ ಕೂತಿರೋ ಕಲ್ಲಿನ ಕಟ್ಟಿ ನೀರಾಗ ಮುಳಗಿರ್ತದ. ನೀರು ಇಳದಂಗ ಬೋಟಿನ ಬುಡ ಅದರ ಮ್ಯಾಲೆ ಸಿಕ್ಕೊಂಡ್ರ ಬೋಟ್ ಮೂಗು ಮುಂದ ಮಾಡಿ ಮುಳಗತದಂತ. ಅದಕ್ಕಽ ದಂಡಿಗೆ ಬಿಳೇ ಗೆರಿ ಹೊಡದಿರ್ತಾರ, ಅದರ ಮುಂದಽ ಬೋಟ್ ಇರಬೇಕು. ಐದೂ ಲಾಕಿನ್ಯಾಗ ಇವರು ಆ ಗೆರಿ ಮ್ಯಾಲಿನ ಕಣ್ಣು ತಗೀಲಿಲ್ಲ, ನಾ ಇವರ ಕೈ ಮ್ಯಾಲಿನ ಕಣ್ಣು ತಗೀಲಿಲ್ಲ. ಕಡೇದ್ದಕ್ಕ ಬಂದಾಗ ನನ್ನ ಕಡೆ ತಿರುಗಿ, "ನೀ ಆ ಕಡೆ ನೋಡು ಮಾರಾಯ್ತಿ, ನಂಗ ಕೈ ನಡಗತದ" ಅಂದ್ರು.

ಬಾನ್ಬರಿ ತನಕಾ ಹೋಗೋದಂತ ಮಾತಾಗಿತ್ತು. ಆದ್ರ ಬುಧವಾರ ನಮ್ಮ ನೀರು ತುಂಬೋ ಹಬ್ಬ, ಮರುದಿನ ನರಕ ಚತುರ್ದಶಿ. ಹಬ್ಬಾ ಬಿಟ್ಟು ಓಡಿ ಏನ್ ಗಳಸೋದದ ಅಂತ ಅಲ್ಲೇ ನಿಂತ್ವಿ. ಹಂಡೆ ಇಲ್ಲ, ಬಾವಿ ಇಲ್ಲ, ಹಿಂಡ್ಲಿಕಾಯಿ ಬಳ್ಳಿ ಸುತ್ತಬೇಕಂದ್ರ ಎಲ್ಲಿಂದ ತರ್ಲಿ. ಆದ್ರ ಬೋಟಿನ ಟ್ಯಾಂಕ್ ಹೆಂಗಿದ್ರೂ ತುಂಬಬೇಕಿತ್ತು! ದಂಡಿಗೆ ನಳ ಇರ್ತದ, ನಮ್ಮ ಪೈಪ್ ಹಚ್ಚೋದು. ಮಗ, ಸೊಸಿ, ಮೊಮ್ಮಗಳು ಊರಾಗ ಅಂಗಡಿಗೆ ಹೋದ್ರು. ನಾ ಟ್ಯಾಂಕಿನ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಎರಡು ಕಾಡು ಹೂವು ಇಟ್ಟು ನಳಾ ತಿರುವಿದೆ. ಸಣ್ಣ ಧಾರಿ. ತುಂಬಲಿಕ್ಕೆ ಮುಕ್ಕಾಲು ತಾಸು ಹತ್ತತದ. ನಾವಿಬ್ಬರಽ ದಂಡಿಗೆ ಕೂತ್ವಿ, ಪೈಪ್ ನೋಡಕೋತ.

ಇವರು ನೀರಿನ ಕಡೆ ನೋಡಕೋತಽ ಅಂದ್ರು, "ಡಾಕ್ಟರು ಮೂರು ತಿಂಗಳು ಅಂದಿದ್ರು."

ನಾ ಸುಮ್ನ.

"ಬಾಗಲಾ ತಗದಽ ಇತ್ತು ಅವತ್ತು. ನಂದು ಬಾಯಿ ಹೋಗಿತ್ತು, ಕಿವಿ ಹೋಗಿರಲಿಲ್ಲ."

"ಮತ್ತ ಯಾಕ ಕೇಳಲಿಲ್ಲ ನೀವು?" ಅಂದೆ. ನನ್ನ ದನಿ ನಂಗಽ ಕೇಳಿಸಲಿಲ್ಲ.

"ಕೀಲಿ ಜೀರಗಿ ಡಬ್ಬ್ಯಾಗದ ಅಂತನೂ ಗೊತ್ತಿತ್ತು. ನೀ ಒಗ್ಗರಣಿ ಹಾಕೋ ಮುಂದ ಖಣ್ ಅಂತಿತ್ತು." ಸ್ವಲ್ಪ ಹೊತ್ತು ತಡದು, "ನಂಗೂ ಅಂಜಿಕಿ ಇತ್ತು. ನೀ ಮುಚ್ಚಿಟ್ಟಿ ಅಂತ ಇದ್ರ ನಾ ಅಂಜಿದ್ದು ಯಾರಿಗೂ ಗೊತ್ತಾಗೋದಿಲ್ಲಲ್ಲಾ" ಅಂದ್ರು.

ಒಂದೂವರಿ ವರ್ಷ ಇವರು ನನ್ನ ಮ್ಯಾಲೆ ಸಿಟ್ಟಿಲೆ ಸುಮ್ನ ಕೂತಾರ ಅಂತ ನಾ ತಿಳಕೊಂಡಿದ್ದೆ. ಅಳು ಬಂತು, ಸಿಟ್ಟೂ ಬಂತು. ಅವತ್ತಽ ಹೇಳಬಾರ್ದಿತ್ತೇನು? ನಾನೂ ಹೇಳಬೇಕಿತ್ತು ಅನ್ನೋದು ಬ್ಯಾರೆ ಮಾತು. "ಒಂದೂವರಿ ವರ್ಷ ನಾ ರಾತ್ರಿ ನಿದ್ದಿಗೆಟ್ಟೇನಿ" ಅಂದೆ. "ಗೊತ್ತದ, ನಾನೂ ಎಚ್ಚರಿದ್ದೆ" ಅಂದ್ರು. ಅಷ್ಟರಾಗ ಟ್ಯಾಂಕ್ ತುಂಬಿ ನೀರು ಹೊರಗ ಚೆಲ್ಲಿ, ಕುಂಕುಮ ಎಲ್ಲಾ ಬೋಟಿನ ಬಾಜೂಕ್ಕ ಕೆಂಪಗ ಹರೀತು. ಎದ್ದು ನಳಾ ಬಂದ್ ಮಾಡಿದ್ವಿ.

ಮರುದಿನ ಬೆಳಿಗ್ಗೆ ಐದಕ್ಕಽ ಎದ್ದು ಎಲ್ಲಾರಿಗೂ ಎಣ್ಣಿ ಹಚ್ಚಿದೆ. ಇಂಜಿನ್ ನಡದಾಗ ಕಾದ ನೀರಽ ಅಲ್ಲಿ ಬಿಸಿನೀರು, ಐದು ಮಂದಿಗೆ ಹಂಚಬೇಕು. ಒಬ್ಬೊಬ್ಬರಿಗೆ ಆರಾರು ತಂಬಿಗಿ ಅಂತ ಲೆಕ್ಕಾ ಮಾಡಿ ಹಾಕಿದೆ. ಆಮ್ಯಾಲೆ ಸ್ಟೀಲ್ ಪ್ಲೇಟಿನ್ಯಾಗ ದೀಪ ಇಟ್ಟು ಗಂಡಸರಿಗೆ ಆರತಿ ಮಾಡಲಿಕ್ಕೆ ನಿಂತೆ, ಒಂದು ಸುತ್ತು ಆಗಿತ್ತೋ ಇಲ್ಲೋ, ತಲಿ ಮ್ಯಾಲಿನ ಹೊಗಿ ಅಲಾರಾಂ ಕಿಂಯ್ ಕಿಂಯ್ ಅಂತ ಒದರಲಿಕ್ಕೆ ಹತ್ತಿತು! ಹಿಂದಿನ ಬೋಟಿನ ಅಜ್ಜಿ ನೈಟ್ ಗೌನ್ ಮ್ಯಾಲೆ ಕೋಟ್ ಹಾಕ್ಕೊಂಡು ಗಾಬರಿಯಾಗಿ ಬಂದ್ಲು ಪಾಪ. ಆಕಿಗೂ ಕುಂಕುಮ ಹಚ್ಚಿ, ಚಕ್ಕಲಿ ಶಂಕರಪಾಳಿ ಕೊಟ್ಟು ಕಳಿಸಿದೆ. ತಾಸಿನ ಮ್ಯಾಲೆ ಒಂದು ಬಾಟಲಿ ಬ್ಲ್ಯಾಕ್‌ಬೆರಿ ಜ್ಯಾಮ್ ತಂದು ಕೊಟ್ಲು.

ಹೊಳ್ಳಿ ಬರೋ ಹಾದಿ ಅದಽ, ಹೆಚ್ಚೇನು ಹೇಳೋದಿಲ್ಲ. ಸಂಡಾಸದ ಡಬ್ಬಿ ಹೊತ್ತು ಒಯ್ದು ಚೆಲ್ಲೋ ಕೆಲಸ ಮಗನ ಪಾಲಿಗಿತ್ತು, ವಾಪಸ್ ಬರೋ ಮುಂದ ಅದನ್ನೂ ಇವರು "ನಾ ಒಂದು ಕಡೆ ಹಿಡೀತೇನಿ" ಅಂದ್ರು. ತಂದಿ ಮಗ ಇಬ್ಬರೂ ಆ ಡಬ್ಬಿ ಹಿಡಕೊಂಡು ಮೂಗು ಆ ಕಡೆ ತಿರುವಿ ದಂಡಿಗುಂಟ ಹೊಂಟಿದ್ದನ್ನ ಮೊಮ್ಮಗಳು ಫೋಟೋ ಹೊಡದಾಳ. ಮಡಿ ಮೈಲಿಗಿ ಅಂತ ನನ್ನ ಅತ್ತಿ ಇದ್ದಿದ್ರ ಇಬ್ಬರನ್ನೂ ಕೆನಾಲಿನ್ಯಾಗಽ ಮುಳಗಿಸಿ ತಗೀತಿದ್ರು.

ಧಾರವಾಡಕ್ಕ ಬಂದು ಮೊದಲನೇ ವಾರಽ ಡಾಕ್ಟರ ಕಡೆ ಹೋಗಿ ಬಂದ್ವಿ. ನಾ ಎಲ್ಲಾ ಖರೇ ಹೇಳಿದೆ, ನಗಲಿಕ್ಕೆ ಹತ್ತಿದ್ರು. ಕೈ ಹಿಡಿಸಿ, ನಡಿಸಿ, ಕಣ್ಣು ನೋಡಿ, "ಮನಿ ಮುಂದಿನ ಓಣ್ಯಾಗ ಸಾವಕಾಶ ಚಾಲೂ ಮಾಡ್ರಿ, ಹೈವೇ ಬ್ಯಾಡ" ಅಂದ್ರು. ಕೀಲಿ ಈಗ ಬಾಗಲದ ಬಾಜೂ ಮೊಳಿಗೆ ಹಾಕೇನಿ. ಜೀರಗಿ ವಾಸನಿ ಇನ್ನೂ ಹೋಗಿಲ್ಲ. ಇವರು ದಿನಾ ಬೆಳಿಗ್ಗೆ ಕಿಕ್ ಹೊಡದು ಹತ್ತು ನಿಮಿಷ ಗಾಡಿ ಚಾಲೂ ಇಡ್ತಾರ, ವರಸ್ತಾರ, ಬಂದ್ ಮಾಡ್ತಾರ. ಹೋದ ಸೋಮವಾರ ಹಾಲಿನ ಡೇರಿ ತನಕಾ ಹೋಗಿ ಬಂದ್ರು. ನಾ ಗೇಟಿನ ಕಡೆ ಹೋಗಲಿಲ್ಲ, ಅಡಗಿಮನಿ ಕಿಡಕಿಯೊಳಗಿಂದ ನೋಡಿದೆ. ಬಾಜೂ ಮನಿ ಹುಡುಗ ಸೈಕಲ್ ಮ್ಯಾಲೆ ಅವರನ್ನ ದಾಟಿ ಮುಂದ ಹೋದ.